ಕಚೇರಿ ಕಾಗದಪತ್ರಗಳಿಗೆ ಥರ್ಮಲ್ ಬೈಂಡಿಂಗ್ ಯಂತ್ರ: ಕೊಳ್ಳುವ ಮುನ್ನ ಅರಿಯಬೇಕಾದ ಸಂಗತಿಗಳು

ಸೆಪ್ಟೆಂಬರ್ ತಿಂಗಳು ಬಂತೆಂದರೆ ಘಟಪ್ರಭೆಯ ದಂಡೆಯ ಊರುಗಳಲ್ಲಿ ವಾರ್ಷಿಕ ಮಹಾಸಭೆಗಳ ಸುಗ್ಗಿ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಕೃಷಿ ಪತ್ತಿನ ಸಹಕಾರ ಸಂಘಗಳು, ಹಾಲು ಉತ್ಪಾದಕರ ಸಂಘಗಳು, ನೀರು ಬಳಕೆದಾರರ ಸಂಘಗಳು, ಸಹಕಾರಿ ಸಕ್ಕರೆ ಕಾರ್ಖಾನೆಗಳು ತಮ್ಮ ವರ್ಷದ ಲೆಕ್ಕವನ್ನು ಸದಸ್ಯರ ಮುಂದಿಡುವ ಕಾಲವದು. ವಾರ್ಷಿಕ ವರದಿ, ಜಮಾ-ಖರ್ಚು, ಅಢಾವೆ ಪತ್ರಿಕೆ, ಲೆಕ್ಕಪರಿಶೋಧಕರ ಟಿಪ್ಪಣಿ ಎಲ್ಲವೂ ಒಂದೇ ಹೊತ್ತಗೆಯಾಗಿ ಸಿದ್ಧವಾಗಬೇಕು. ಸಭೆಯ ಹಿಂದಿನ ದಿನ ಝೆರಾಕ್ಸ್ ಅಂಗಡಿಗಳ ಮುಂದೆ ಕಾರ್ಯದರ್ಶಿಗಳ ಸಾಲು ಕಾಣುವುದು ಸಾಮಾನ್ಯ.

ಅವಸರದಲ್ಲಿ ಕಟ್ಟಿದ ಹೊತ್ತಗೆಯ ಗತಿ ಏನಾಗುತ್ತದೆಂಬುದನ್ನು ಇಂತಹ ಸಭೆಗಳಿಗೆ ಹೋದವರೆಲ್ಲ ಬಲ್ಲರು. ಸದಸ್ಯರೊಬ್ಬರು ವರದಿಯನ್ನು ತಿರುವಿ ಹಾಕುವಾಗ ನಡುವಿನ ಹಾಳೆ ಕಳಚಿ ಕೈಗೆ ಬರುತ್ತದೆ. ಇನ್ನೊಬ್ಬರ ಪ್ರತಿಯಲ್ಲಿ ಆ ಹಾಳೆಯೇ ಇರುವುದಿಲ್ಲ. ಕಳಚಿ ಹೋದದ್ದು ಅಢಾವೆ ಪತ್ರಿಕೆಯ ಹಾಳೆಯಾಗಿದ್ದರಂತೂ ‘ಹಾಳೆ ಎಲ್ಲಿ ಹೋಯಿತು’ ಎಂಬ ಪ್ರಶ್ನೆ ‘ಲೆಕ್ಕ ಎಲ್ಲಿ ಹೋಯಿತು’ ಎಂಬ ಪ್ರಶ್ನೆಯಾಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಂಟು ಬಿಟ್ಟದ್ದರಿಂದ ಹುಟ್ಟಿದ ಸಂಶಯ ಆಡಳಿತ ಮಂಡಳಿಯ ನಂಬಿಕೆಯನ್ನೇ ಅಲುಗಾಡಿಸಬಲ್ಲದು.

ಈ ತೊಂದರೆಗೆ ಪರಿಹಾರವೆಂದು ಹಲವು ಕಚೇರಿಗಳು ಸ್ವಂತ ಥರ್ಮಲ್ ಬೈಂಡಿಂಗ್ ಯಂತ್ರ ಕೊಳ್ಳಲು ಯೋಚಿಸುತ್ತವೆ. ಯಂತ್ರ ಒಳ್ಳೆಯದೇ. ಆದರೆ ಯಾವ ಯಂತ್ರವೆಂದು ಕೇಳುವುದಕ್ಕೆ ಮೊದಲು ಯಾವ ಕಾಗದಕ್ಕೆಂದು ಕೇಳಿಕೊಳ್ಳಬೇಕು. ಒಂದು ದಾಖಲೆ ಎಷ್ಟು ವರ್ಷ ಬಾಳಬೇಕು, ಎಷ್ಟು ಕೈಗಳನ್ನು ದಾಟಬೇಕು ಎಂಬುದೇ ಅದರ ಕಟ್ಟನ್ನು ನಿರ್ಧರಿಸಬೇಕು. ಈ ದೃಷ್ಟಿಯಿಂದ ಯಂತ್ರದ ಗುಣಾವಗುಣಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿಡಕಲ್ ಸೀಮೆಯಲ್ಲಿ ಕಾಗದದ ಬೆಲೆ

ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಅಡಿ. ಅದಕ್ಕೂ ಬಹು ಹಿಂದೆ, ಬ್ರಿಟಿಷರ ಆಳ್ವಿಕೆಯಲ್ಲಿ, ಇದೇ ನದಿಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆಯಲಾಗಿತ್ತು. ಹೀಗಾಗಿ ಈ ಭಾಗದ ನೀರಾವರಿಗೆ ನೂರು ವರ್ಷಗಳನ್ನು ಮೀರಿದ ಕಾಗದದ ಚರಿತ್ರೆಯೂ ಇದೆ: ಅಳತೆಯ ನಕಾಶೆಗಳು, ಅಂದಾಜು ಪತ್ರಿಕೆಗಳು, ನೀರಿನ ಕರದ ಪಟ್ಟಿಗಳು, 1894ರ ಭೂಸ್ವಾಧೀನ ಕಾಯ್ದೆಯಡಿ ಹೊರಟ ನೋಟಿಸುಗಳು, ಪರಿಹಾರದ ಐತೀರ್ಪುಗಳು.

ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಮಂದಿರವು ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ, ಜನರು ಹೋಗಿ ದರ್ಶನ ಪಡೆಯುತ್ತಾರೆ. ಕಳೆದುಹೋದ ಕಾಗದಕ್ಕೆ ಅಂತಹ ಭಾಗ್ಯವಿಲ್ಲ. ಮುಳುಗಡೆಯಲ್ಲಿ ಹೊಲ ಕಳೆದುಕೊಂಡ ಮನೆತನಕ್ಕೆ ಹಳೆಯ ಉತಾರ, ನೋಟಿಸು, ಹಣ ಪಡೆದ ಪಾವತಿ ಇವೇ ಆಧಾರ. ಮೊಮ್ಮಕ್ಕಳ ಕಾಲದಲ್ಲಿ ಪ್ರಶ್ನೆ ಎದ್ದರೂ ಉತ್ತರ ಕೊಡಬೇಕಾದದ್ದು ಆ ಹಾಳೆಗಳೇ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೆ, ನದಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಮನೆ ಬಿದ್ದವರು ಪರಿಹಾರ ಕೇಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ ಕಾಗದಪತ್ರಗಳದೇ. ಆದುದರಿಂದ ಈ ಸೀಮೆಯಲ್ಲಿ ದಾಖಲೆಯನ್ನು ಹೇಗೆ ಕಟ್ಟಿಡಬೇಕು ಎಂಬುದು ಕೇವಲ ಅಂದಚಂದದ ಮಾತಲ್ಲ.

ಯಂತ್ರ ಕೆಲಸ ಮಾಡುವ ಬಗೆ

ಥರ್ಮಲ್ ಬೈಂಡಿಂಗ್ ಎಂದರೆ ಕಾವಿನಿಂದ ಅಂಟಿಸುವ ಕಟ್ಟು. ಇದಕ್ಕೆಂದೇ ತಯಾರಾದ ಹೊದಿಕೆಗಳು ಸಿಗುತ್ತವೆ. ಮುಂಭಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್, ಹಿಂಭಾಗದಲ್ಲಿ ದಪ್ಪ ಕಾಗದ, ಎರಡರ ನಡುವೆ ಮಡಿಕೆಯಾದ ಬೆನ್ನು. ಆ ಬೆನ್ನಿನ ಒಳಬದಿಗೆ ಗಟ್ಟಿಯಾದ ಅಂಟಿನ ಪಟ್ಟಿ ಮೊದಲೇ ಇರುತ್ತದೆ. ಹಾಳೆಗಳನ್ನು ಸರಿಯಾಗಿ ಜೋಡಿಸಿ ಹೊದಿಕೆಯೊಳಗಿಟ್ಟು, ಬೆನ್ನು ಕೆಳಗಾಗುವಂತೆ ಯಂತ್ರದ ಸೀಳಿನಲ್ಲಿ ನಿಲ್ಲಿಸಬೇಕು. ಸೀಳಿನ ತಳದಲ್ಲಿರುವ ಲೋಹದ ತಟ್ಟೆ ಕಾದು ಅಂಟನ್ನು ಕರಗಿಸುತ್ತದೆ. ಕರಗಿದ ಅಂಟು ಹಾಳೆಗಳ ಅಂಚನ್ನು ಹಿಡಿಯುತ್ತದೆ. ಸುಮಾರು ಒಂದು ನಿಮಿಷದೊಳಗೆ ಯಂತ್ರ ಸದ್ದು ಮಾಡಿ ತಿಳಿಸುತ್ತದೆ. ಹೊರತೆಗೆದು ಕೆಲವು ನಿಮಿಷ ನಿಲ್ಲಿಸಿ ತಣಿಸಿದರೆ ಪುಸ್ತಕ ಸಿದ್ಧ.

ಇಲ್ಲಿ ರಂಧ್ರ ಕೊರೆಯುವ ಕೆಲಸವಿಲ್ಲ, ಸುರುಳಿ ತಂತಿಯಿಲ್ಲ, ಬೆನ್ನು ಚಪ್ಪಟೆಯಾಗಿರುವುದರಿಂದ ಕಪಾಟಿನಲ್ಲಿ ಓರಣವಾಗಿ ನಿಲ್ಲುತ್ತದೆ. ಬೆನ್ನಿನ ಮೇಲೆ ವರ್ಷ, ವಿಷಯ ಬರೆಯಬಹುದು. ಹಾಳೆ ಹಿಂದುಮುಂದಾಗಿದ್ದರೆ ಮತ್ತೊಮ್ಮೆ ಕಾಯಿಸಿ ಅಂಟು ಸಡಿಲಿಸಿ ಸರಿಪಡಿಸಲೂ ಬಹುದು.

ಈ ಕೊನೆಯ ಗುಣವು ಅನುಕೂಲವೂ ಹೌದು, ಎಚ್ಚರಿಕೆಯ ಮಾತೂ ಹೌದು. ‘ಥರ್ಮಲ್ ಬೈಂಡ್ ಮಾಡಿದರೆ ಯಾರೂ ಹಾಳೆ ಬದಲಿಸಲಾರರು’ ಎಂದು ಕೆಲವರು ನಂಬುತ್ತಾರೆ. ಅದು ಸರಿಯಲ್ಲ. ಸುರುಳಿ ಕಟ್ಟಿಗಿಂತ ಇಲ್ಲಿ ಹಾಳೆ ತೆಗೆಯುವುದು ಕಷ್ಟವೆಂಬುದು ನಿಜ. ಆದರೆ ಯಂತ್ರ ಕೈಯಲ್ಲಿರುವವನಿಗೆ ಅಸಾಧ್ಯವಲ್ಲ. ಪುಟಸಂಖ್ಯೆ ಹಾಕುವುದು, ಪ್ರತಿ ಹಾಳೆಗೂ ಸಹಿ ಮತ್ತು ಮೊಹರು ಒತ್ತುವುದು, ಕೊನೆಯಲ್ಲಿ ಒಟ್ಟು ಪುಟಗಳ ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯುವುದು, ಇವೇ ನಿಜವಾದ ರಕ್ಷಣೆ.

ಅಂಟಿನ ಹಿಂದಿನ ಕಥೆ

ಹೊಲಿಗೆಯಿಲ್ಲದೆ ಬರೀ ಅಂಟಿನಿಂದ ಪುಸ್ತಕ ಕಟ್ಟುವ ಯೋಚನೆ ಹೊಸದಲ್ಲ. 1836ರಲ್ಲಿ ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ ಎಂಬಾತ ರಬ್ಬರಿನ ದ್ರಾವಣದಿಂದ ಬಿಡಿ ಹಾಳೆಗಳನ್ನು ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಪುಸ್ತಕಗಳು ಸುಂದರವಾಗಿದ್ದವು, ಚಪ್ಪಟೆಯಾಗಿ ತೆರೆದುಕೊಳ್ಳುತ್ತಿದ್ದವು. ಆದರೆ ವರ್ಷಗಳು ಕಳೆದಂತೆ ರಬ್ಬರು ಒಣಗಿ ಪುಡಿಯಾಗಿ, ಹಾಳೆಗಳೆಲ್ಲ ಬಿಡಿಬಿಡಿಯಾದವು. ಅಂದಿನ ಅನೇಕ ಚಿತ್ರಸಂಪುಟಗಳು ಇಂದು ಗ್ರಂಥಾಲಯಗಳಲ್ಲಿ ಉದುರಿದ ಎಲೆಗಳಂತೆ ಉಳಿದಿವೆ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಎಮಿಲ್ ಲುಂಬೆಕ್ ತಣ್ಣನೆಯ ಕೃತಕ ಅಂಟನ್ನು ಬಳಕೆಗೆ ತಂದ. ಬಳಿಕ ಕಾವಿಗೆ ಕರಗಿ ತಣಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜಾತಿಯ ಅಂಟುಗಳು ಬಂದವು. ಕಚೇರಿಯ ಥರ್ಮಲ್ ಯಂತ್ರ ಈ ಸಾಲಿನ ಚಿಕ್ಕ ಕುಡಿ.

ನಮ್ಮ ಬೈಂಡರುಗಳು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ದಾರದಿಂದ ಹೊಲಿದು, ರಟ್ಟು ಮತ್ತು ಬಟ್ಟೆ ಹಚ್ಚಿ ಕಟ್ಟಿದ ಖಾತೆ ಪುಸ್ತಕಗಳು ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಬಂದದ್ದುಂಟು. ಅಲ್ಲಿ ಅಂಟು ಸೋತರೂ ದಾರ ಹಿಡಿದಿರುತ್ತದೆ. ಥರ್ಮಲ್ ಕಟ್ಟಿನಲ್ಲಿ ಅಂಟು ಸೋತರೆ ಹಿಡಿಯುವುದು ಬೇರೇನೂ ಇಲ್ಲ. ಈ ವ್ಯತ್ಯಾಸವನ್ನು ಮರೆಯದಿದ್ದರೆ ಅರ್ಧ ಆಯ್ಕೆ ಮುಗಿದಂತೆ.

ಯಾವುದಕ್ಕೆ ತಕ್ಕದ್ದು, ಯಾವುದಕ್ಕೆ ತಕ್ಕದ್ದಲ್ಲ

ಥರ್ಮಲ್ ಕಟ್ಟು ಒಪ್ಪುವುದು ಪೂರ್ಣಗೊಂಡ ದಾಖಲೆಗಳ ಪ್ರತಿಗಳಿಗೆ. ವಾರ್ಷಿಕ ವರದಿ, ಲೆಕ್ಕಪರಿಶೋಧನೆಯ ವರದಿಯ ಪ್ರತಿ, ಯೋಜನಾ ವರದಿ, ವಿದ್ಯಾರ್ಥಿಗಳ ಪ್ರಾಜೆಕ್ಟ್, ಬ್ಯಾಂಕಿಗೆ ಸಲ್ಲಿಸುವ ಸಾಲದ ಪ್ರಸ್ತಾವನೆ, ಮಾಹಿತಿ ಹಕ್ಕಿನಡಿ ಪಡೆದ ನಕಲುಗಳ ಝೆರಾಕ್ಸ್ ಪ್ರತಿ ಇವು ಉದಾಹರಣೆಗಳು. ಇವುಗಳಿಗೆ ಇನ್ನು ಹಾಳೆ ಸೇರಿಸುವುದಿಲ್ಲ. ಒಂದು ಪ್ರತಿ ಹಾಳಾದರೆ ಇನ್ನೊಂದನ್ನು ತೆಗೆಯಬಹುದು.

ಬೆಳೆಯುತ್ತಿರುವ ಕಡತಕ್ಕೆ ಇದು ಬೇಡ. ಪತ್ರವ್ಯವಹಾರ ನಡೆಯುತ್ತಿರುವ ಕಡತಕ್ಕೆ ಮೂಲೆಯಲ್ಲಿ ತೂತು ಹೊಡೆದು ಟ್ಯಾಗ್ ಹಾಕುವ ಹಳೆಯ ಕ್ರಮವೇ ಸರಿ. ನಡಾವಳಿ ಪುಸ್ತಕ, ಖಾತೆವಹಿ, ಹಾಜರಿ ಪುಸ್ತಕಗಳು ಮೊದಲೇ ಹೊಲಿದು ಪುಟಸಂಖ್ಯೆ ಮುದ್ರಿಸಿದವುಗಳಾಗಿರಬೇಕು. ಬಿಡಿ ಹಾಳೆಯಲ್ಲಿ ಠರಾವು ಬರೆದು ವರ್ಷದ ಕೊನೆಗೆ ಥರ್ಮಲ್ ಬೈಂಡ್ ಮಾಡುವುದು ನಾಳೆಯ ತಕರಾರಿಗೆ ಇಂದೇ ದಾರಿ ಮಾಡಿಕೊಟ್ಟಂತೆ.

ತರಬೇತಿಯ ಕೈಪಿಡಿ, ಪಂಪ್‌ಸೆಟ್ ದುರಸ್ತಿಯ ಮಾರ್ಗದರ್ಶಿಯಂತಹ, ಮೇಜಿನ ಮೇಲೆ ಅಗಲವಾಗಿ ತೆರೆದಿಡಬೇಕಾದ ಪುಸ್ತಕಗಳಿಗೆ ಸುರುಳಿ ಕಟ್ಟೇ ಅನುಕೂಲ. ಥರ್ಮಲ್ ಪುಸ್ತಕ ಪೂರ್ತಿ ತೆರೆದುಕೊಳ್ಳದು. ಬಲವಂತವಾಗಿ ಅಗಲಿಸಿ ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಒತ್ತಿದರೆ ಬೆನ್ನು ಬಿರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ದಾಖಲೆಗಳನ್ನು ಈ ಯಂತ್ರಕ್ಕೆ ಒಡ್ಡಬಾರದು. ಖರೀದಿ ಪತ್ರ, ವಾಟಣಿ ಪತ್ರ, ಹಳೆಯ ಉತಾರ, ಛಾಪಾ ಕಾಗದದ ಕರಾರು, ನ್ಯಾಯಾಲಯದ ಆದೇಶದ ದೃಢೀಕೃತ ನಕಲು ಇವುಗಳ ಅಂಚಿಗೆ ಒಮ್ಮೆ ಅಂಟು ಹತ್ತಿದರೆ ಬಿಡಿಸುವಾಗ ಕಾಗದ ಹರಿಯುತ್ತದೆ. ಇವುಗಳನ್ನು ಬಿಡಿಯಾಗಿಯೇ ಒಳ್ಳೆಯ ಕಾಗದದ ಲಕೋಟೆಯಲ್ಲಿ ಇಡಬೇಕು. ಲ್ಯಾಮಿನೇಷನ್ ಕೂಡ ಸಲ್ಲದು, ಏಕೆಂದರೆ ಹಾಗೆ ಮಾಡಿದ ಕಾಗದವನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಮೂಲವನ್ನು ಭದ್ರವಾಗಿಟ್ಟು ಪ್ರತಿಯನ್ನು ಕಟ್ಟಿಸಿ ಬಳಸುವುದೇ ಜಾಣತನ.

ಯಂತ್ರದ ಆಯ್ಕೆ: ನೋಡಬೇಕಾದ ಏಳು ಅಂಶಗಳು

1. ಸಾಮರ್ಥ್ಯ. ಯಂತ್ರದ ಸಾಮರ್ಥ್ಯವನ್ನು ಹಾಳೆಗಳಲ್ಲಿ ಹೇಳುತ್ತಾರೆ, ಪುಟಗಳಲ್ಲಲ್ಲ. ಎರಡೂ ಬದಿ ಮುದ್ರಿಸಿದ 120 ಪುಟಗಳ ವರದಿಗೆ ಬೇಕಾಗುವುದು 60 ಹಾಳೆ. ಸಾಮಾನ್ಯ 80 ಜಿ.ಎಸ್.ಎಂ. ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅಂದರೆ 10 ಹಾಳೆಗೆ 1 ಮಿ.ಮೀ. ಎಂದು ಲೆಕ್ಕ ಹಿಡಿಯಬಹುದು. ಫೆಲೋಸ್ ಕಂಪನಿಯ ಹೀಲಿಯೋಸ್ 30 ಎಂಬ ಮಾದರಿ 300 ಹಾಳೆಗಳಷ್ಟು, ಹೀಲಿಯೋಸ್ 60 ಎಂಬುದು 600 ಹಾಳೆಗಳಷ್ಟು ದಪ್ಪದ ಪುಸ್ತಕ ಕಟ್ಟಬಲ್ಲವು. ಆದರೆ ಯಂತ್ರ 600 ಹಾಳೆ ತಡೆಯುತ್ತದೆಂದು 600 ಹಾಳೆಯ ಒಂದೇ ಪುಸ್ತಕ ಮಾಡುವುದು ವಿವೇಕವಲ್ಲ. ಬರೀ ಅಂಟಿನ ಮೇಲೆ ಅಷ್ಟು ಭಾರ ಹೊರಿಸಬಾರದು. 150ರಿಂದ 200 ಹಾಳೆ ಮೀರಿದರೆ ಎರಡು ಸಂಪುಟ ಮಾಡುವುದು ಲೇಸು.

2. ಸೀಳಿನ ಅಗಲ. ಅಗಲವಾದ ಸೀಳಿನ ನಿಜವಾದ ಲಾಭ ಬೇರೆ. ಅದರಲ್ಲಿ ತೆಳು ಪುಸ್ತಕಗಳನ್ನು ಮೂರು ನಾಲ್ಕರಂತೆ ಒಟ್ಟಿಗೆ ನಿಲ್ಲಿಸಿ ಕಾಯಿಸಬಹುದು. ಮಹಾಸಭೆಗೆ 30 ಹಾಳೆಯ 100 ಪ್ರತಿ ಬೇಕಾದ ಸಂಘಕ್ಕೆ ಇದರಿಂದ ಗಂಟೆಗಳ ಉಳಿತಾಯ. ತಿಂಗಳಿಗೆ ನಾಲ್ಕಾರು ಪ್ರತಿ ಮಾಡುವ ಕಚೇರಿಗೆ ಸಣ್ಣ ಸೀಳಿನ ಯಂತ್ರವೇ ಸಾಕು.

3. ಕಾವು ಮತ್ತು ಸಮಯದ ಹತೋಟಿ. ಅಗ್ಗದ ಯಂತ್ರಗಳಲ್ಲಿ ಒಂದೇ ಅವಧಿ ಇರುತ್ತದೆ. ತೆಳು ಪುಸ್ತಕಕ್ಕೂ ದಪ್ಪ ಪುಸ್ತಕಕ್ಕೂ ಅಷ್ಟೇ ಕಾವು ಸಿಕ್ಕರೆ ಒಂದರಲ್ಲಿ ಅಂಟು ಹರಿದು ಸುರಿಯುತ್ತದೆ, ಇನ್ನೊಂದರಲ್ಲಿ ಪೂರ್ತಿ ಕರಗುವುದಿಲ್ಲ. ದಪ್ಪಕ್ಕೆ ತಕ್ಕಂತೆ ಸಮಯ ಬದಲಿಸುವ ಗುಂಡಿ ಇರುವ, ಕೆಲಸ ಮುಗಿದಾಗ ಸದ್ದು ಮಾಡುವ, ಬಹಳ ಹೊತ್ತು ಬಳಸದಿದ್ದರೆ ತಾನೇ ಆರುವ ಯಂತ್ರವನ್ನು ಆರಿಸಿಕೊಳ್ಳಬೇಕು. ತಟ್ಟೆಯ ಕಾವು ನೂರು ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ, ಮರೆತು ಬಿಟ್ಟುಹೋಗುವ ಕೈಗಳಿರುವ ಕಚೇರಿಯಲ್ಲಿ ಈ ಕೊನೆಯ ಸೌಲಭ್ಯ ಅನಗತ್ಯ ವೆಚ್ಚವಲ್ಲ.

4. ತಣಿಸುವ ಜಾಗ. ಕಟ್ಟು ಗಟ್ಟಿಯಾಗುವುದು ಕಾಯಿಸುವಾಗಲ್ಲ, ತಣಿಯುವಾಗ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ತಣಿಸಲು ಯಂತ್ರದಲ್ಲೇ ಚೌಕಟ್ಟು ಇದ್ದರೆ ಒಳ್ಳೆಯದು. ಇಲ್ಲವಾದರೆ ಎರಡು ಇಟ್ಟಿಗೆಗಳಿಗೆ ಕಾಗದ ಸುತ್ತಿ ನಡುವೆ ನಿಲ್ಲಿಸಿದರೂ ಕೆಲಸ ನಡೆಯುತ್ತದೆ.

5. ಹೊದಿಕೆಗಳ ಲಭ್ಯತೆ. ಯಂತ್ರವನ್ನು ಒಮ್ಮೆ ಕೊಳ್ಳುತ್ತೇವೆ, ಹೊದಿಕೆಗಳನ್ನು ಪ್ರತಿ ವರ್ಷ ಕೊಳ್ಳುತ್ತೇವೆ. 1.5 ಮಿ.ಮೀ.ನಿಂದ ಆರಂಭಿಸಿ 3, 4, 6, 8, 10, 12 ಮಿ.ಮೀ. ಹೀಗೆ ಬೇರೆ ಬೇರೆ ಬೆನ್ನಿನ ಅಳತೆಗಳಿವೆ. ನಿಮಗೆ ಬೇಕಾದ ಅಳತೆ ಗೋಕಾಕದಲ್ಲೋ ಸಂಕೇಶ್ವರದಲ್ಲೋ ಬೆಳಗಾವಿಯಲ್ಲೋ ಸಿಗುತ್ತದೆಯೇ, ಎಷ್ಟು ಹೊದಿಕೆಗಳ ಕಟ್ಟನ್ನು ಒಮ್ಮೆಗೇ ಕೊಳ್ಳಬೇಕು ಎಂಬುದನ್ನು ಮೊದಲೇ ವಿಚಾರಿಸಬೇಕು. ಸಾಮಾನ್ಯ ಮೇಜಿನ ಯಂತ್ರಗಳು ಬಹುತೇಕ ಎಲ್ಲ ತಯಾರಕರ ಹೊದಿಕೆಗಳನ್ನೂ ಒಪ್ಪುತ್ತವೆ. ಉಕ್ಕಿನ ಬೆನ್ನಿನ ಅಥವಾ ಅಂಟುಪಟ್ಟಿಯ ಪದ್ಧತಿಯ ಯಂತ್ರಗಳಿಗೆ ಆಯಾ ಕಂಪನಿಯ ಸಾಮಗ್ರಿಯೇ ಬೇಕು. ಊರಿಗೆ ಆ ಸಾಮಗ್ರಿ ಬರುವುದು ನಿಂತರೆ ಯಂತ್ರ ಮೂಲೆ ಸೇರುತ್ತದೆ.

6. ವಿದ್ಯುತ್ತು. 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿರುವ ಹುಕ್ಕೇರಿಯಾಗಲಿ, ಗೋಕಾಕ ಮೂಡಲಗಿಗಳಾಗಲಿ, ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿತವನ್ನು ಲೆಕ್ಕಕ್ಕೆ ಹಿಡಿದೇ ಯಂತ್ರ ಕೊಳ್ಳಬೇಕು. ಕಾಯಿಸುವ ಯಂತ್ರವಾದ್ದರಿಂದ ಇದು ಕೆಲವು ನೂರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ ಯು.ಪಿ.ಎಸ್.ಗೆ ಇದನ್ನು ಜೋಡಿಸಬಾರದು. ನಡುವೆ ವಿದ್ಯುತ್ ಹೋದರೆ ಗಾಬರಿಯಾಗಬೇಕಿಲ್ಲ. ಪುಸ್ತಕವನ್ನು ಕದಲಿಸದೆ ಬಿಟ್ಟು, ವಿದ್ಯುತ್ ಬಂದ ಮೇಲೆ ಮತ್ತೊಮ್ಮೆ ಪೂರ್ತಿ ಕಾಯಿಸಿದರೆ ಸರಿಹೋಗುತ್ತದೆ.

7. ದುರಸ್ತಿ. ಖಾತರಿ ಎಷ್ಟು ವರ್ಷ ಎಂಬುದರ ಜೊತೆಗೆ ಖಾತರಿಯ ಕೆಲಸ ಎಲ್ಲಿ ನಡೆಯುತ್ತದೆ ಎಂದೂ ಕೇಳಬೇಕು. ಯಂತ್ರವನ್ನು ಬೆಂಗಳೂರಿಗೋ ಮುಂಬಯಿಗೋ ಕಳುಹಿಸಬೇಕಾದರೆ ಸಾಗಣೆ ವೆಚ್ಚ ಯಾರದು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಕ್ಷೇಮ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಂಗಡಿಯವರು ತೋರಿಸುವ ಮಾದರಿ ಪುಸ್ತಕವನ್ನು ನೋಡಿ ನಿರ್ಧರಿಸಬೇಡಿ. ನಿಮ್ಮ ಕಚೇರಿಯಲ್ಲಿ ಬಳಸುವ ಹಾಳೆಗಳನ್ನೇ ಒಯ್ದು, ನಿಮ್ಮ ಕಣ್ಣೆದುರಿಗೆ ಎರಡು ಪುಸ್ತಕ ಕಟ್ಟಿಸಿ, ಒಂದು 20 ಹಾಳೆಯದು, ಒಂದು 100 ಹಾಳೆಯದು. ಅಂದೇ ಎಳೆದು ನೋಡಬೇಡಿ. ಮನೆಗೆ ತಂದು ಒಂದು ರಾತ್ರಿ ಇಟ್ಟು, ಮರುದಿನ ನಡುವೆ ತೆರೆದು ಮೊದಲ ಹಾಳೆ, ನಡುವಿನ ಹಾಳೆ, ಕೊನೆಯ ಹಾಳೆಗಳನ್ನು ಒಂದೊಂದಾಗಿ ಎಳೆದು ನೋಡಿ. ಹಾಳೆ ಅಂಚಿನಿಂದ ಸದ್ದಿಲ್ಲದೆ ಕಳಚಿ ಬಂದರೆ ಕಟ್ಟು ಸರಿಯಿಲ್ಲ. ಹರಿಯುವವರೆಗೂ ಹಿಡಿದಿದ್ದರೆ ಕಟ್ಟು ಗಟ್ಟಿ.

ಸ್ವಂತ ಯಂತ್ರವೋ, ಅಂಗಡಿಯ ಸೇವೆಯೋ

ಇದಕ್ಕೆ ಒಂದು ಸರಳ ಲೆಕ್ಕವಿದೆ. ಅಂಗಡಿಯವರು ಒಂದು ಪುಸ್ತಕಕ್ಕೆ ಪಡೆಯುವ ದರದಿಂದ ಒಂದು ಹೊದಿಕೆಯ ಬೆಲೆಯನ್ನು ಕಳೆಯಿರಿ. ಉಳಿದದ್ದು ಪ್ರತಿ ಪುಸ್ತಕಕ್ಕೆ ನಿಮಗಾಗುವ ಉಳಿತಾಯ. ಯಂತ್ರದ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿದರೆ ಎಷ್ಟು ಪುಸ್ತಕ ಕಟ್ಟಿದ ಮೇಲೆ ಯಂತ್ರದ ಹಣ ಮರಳಿ ಬರುತ್ತದೆಂದು ತಿಳಿಯುತ್ತದೆ.

ಉದಾಹರಣೆಗೆ, ಅಂಗಡಿಯ ದರ 60 ರೂಪಾಯಿ, ಹೊದಿಕೆ 25 ರೂಪಾಯಿ, ಯಂತ್ರ 9,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಪ್ರತಿ ಪುಸ್ತಕಕ್ಕೆ ಉಳಿತಾಯ 35 ರೂಪಾಯಿ. 258 ಪುಸ್ತಕಗಳಾದ ಮೇಲೆ ಯಂತ್ರದ ಹಣ ತೀರುತ್ತದೆ. ತಿಂಗಳಿಗೆ 20 ಪುಸ್ತಕ ಕಟ್ಟುವ ಕಚೇರಿಗೆ ಇದು 13 ತಿಂಗಳ ಮಾತು. ತಿಂಗಳಿಗೆ ನಾಲ್ಕೇ ಪುಸ್ತಕ ಕಟ್ಟುವ ಸಂಘಕ್ಕೆ ಐದು ವರ್ಷ ಮೀರಿ ಬೇಕು. ಅಷ್ಟರಲ್ಲಿ ಯಂತ್ರವೇ ಹಳೆಯದಾಗಿರುತ್ತದೆ. ನಿಮ್ಮ ಊರಿನ ನಿಜವಾದ ದರಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡಿ.

ವರ್ಷಕ್ಕೊಮ್ಮೆ ಮಾತ್ರ ಬೈಂಡಿಂಗ್ ಅಗತ್ಯವಿರುವ ಚಿಕ್ಕ ಸಂಘಗಳು ನಾಲ್ಕಾರು ಸೇರಿ ಒಂದು ಯಂತ್ರ ಇಟ್ಟುಕೊಳ್ಳುವುದೂ ಉಂಟು. ಕರ್ನಾಟಕದ ಸಹಕಾರ ಚಳವಳಿ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಚಿಗುರಿದ್ದೇ, ಒಬ್ಬನಿಗೆ ಆಗದ್ದು ಹತ್ತು ಜನರಿಗೆ ಆದೀತು ಎಂಬ ನಂಬಿಕೆಯಿಂದ. ಖರೀದಿಗೆ ಆಡಳಿತ ಮಂಡಳಿಯ ಠರಾವು, ದರಪಟ್ಟಿಗಳ ಹೋಲಿಕೆ ಇರಲಿ. ಸರ್ಕಾರಿ ಕಚೇರಿಯಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಕ್ರಮ ಅನ್ವಯಿಸುತ್ತದೆ.

ಬಳಸುವಾಗ ಆಗುವ ಸಾಮಾನ್ಯ ತಪ್ಪುಗಳು

ಮೊದಲನೆಯದು, ಅಳತೆ ತಪ್ಪಿದ ಹೊದಿಕೆ. 6 ಮಿ.ಮೀ. ಬೆನ್ನಿಗೆ 80 ಹಾಳೆ ತುರುಕಿದರೆ ಹೊರಗಿನ ಹಾಳೆಗಳು ಅಂಟನ್ನೇ ಮುಟ್ಟುವುದಿಲ್ಲ. ಸಭೆಯಲ್ಲಿ ಉದುರುವುದು ಈ ಹಾಳೆಗಳೇ. 12 ಮಿ.ಮೀ. ಬೆನ್ನಿಗೆ 40 ಹಾಳೆ ಹಾಕಿದರೆ ಹಾಳೆಗಳು ಒಂದು ಕಡೆ ವಾಲಿ ಅಂಟು ವ್ಯರ್ಥವಾಗುತ್ತದೆ.

ಎರಡನೆಯದು, ಹಾಳೆಗಳನ್ನು ಸಮ ಮಾಡದಿರುವುದು. ಬೆನ್ನಿನ ಕಡೆಯ ಅಂಚನ್ನು ಮೇಜಿನ ಮೇಲೆ ನಾಲ್ಕಾರು ಬಾರಿ ತಟ್ಟಿ ಒಂದೇ ಮಟ್ಟಕ್ಕೆ ತರಬೇಕು. ಒಂದು ಹಾಳೆ ಕೂದಲೆಳೆಯಷ್ಟು ಮೇಲಿದ್ದರೂ ಅದು ಅಂಟಿಗೆ ಸಿಗದು. ಕಾಯಿಸಿ ತೆಗೆದ ಕೂಡಲೇ ಬೆನ್ನನ್ನು ಮೇಜಿಗೆ ಮೆಲ್ಲನೆ ಕುಟ್ಟಿ, ಬಳಿಕ ತಣಿಯಲು ನಿಲ್ಲಿಸಬೇಕು.

ಮೂರನೆಯದು, ನುಣುಪು ಕಾಗದ. ಆರ್ಟ್ ಪೇಪರಿನ ಹೊಳಪಿನ ಲೇಪಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಫೋಟೋ ಪುಟಗಳನ್ನು ಸಾಮಾನ್ಯ ಕಾಗದದ ಮೇಲೆ ಮುದ್ರಿಸುವುದು ಒಳಿತು. ಹಾಳೆಗಳಲ್ಲಿ ಸ್ಟೇಪ್ಲರ್ ಪಿನ್ನುಗಳು ಉಳಿದಿರಬಾರದು.

ನಾಲ್ಕನೆಯದನ್ನು ಬಹಳ ಜನ ಅರಿಯರು. ಪೆಟ್ರೋಲ್ ಪಂಪು, ಎ.ಟಿ.ಎಂ., ಬಸ್ಸಿನ ಟಿಕೆಟ್ ಯಂತ್ರ, ತೂಕದ ಕಾಟಾ ಇವುಗಳಿಂದ ಬರುವ ಚೀಟಿಗಳು ಸಾಮಾನ್ಯವಾಗಿ ಕಾವಿಗೆ ಕಪ್ಪಾಗುವ ವಿಶೇಷ ಕಾಗದದವು. ಇಂತಹ ಚೀಟಿಯನ್ನು ಬೆನ್ನಿನ ಹತ್ತಿರ ಅಂಟಿಸಿ ಬೈಂಡ್ ಮಾಡಿದರೆ ಅಕ್ಷರ ಸಮೇತ ಕಪ್ಪಾಗಿಬಿಡುತ್ತದೆ. ಹಾಗೆಯೇ ಇಟ್ಟರೂ ಕಾಲಕ್ರಮೇಣ ಅಕ್ಷರ ಮಾಸುತ್ತದೆ. ಕಬ್ಬಿನ ತೂಕದ ಚೀಟಿಯಿರಲಿ, ಪ್ರವಾಸ ಭತ್ಯೆಯ ಬಿಲ್ಲಿರಲಿ, ಸಿಕ್ಕ ದಿನವೇ ಝೆರಾಕ್ಸ್ ತೆಗೆದು ಆ ಪ್ರತಿಯನ್ನು ಕಟ್ಟಿಗೆ ಸೇರಿಸಬೇಕು.

ಐದನೆಯದು, ಅಂಚು ಬಿಡದಿರುವುದು. ಥರ್ಮಲ್ ಪುಸ್ತಕ ಪೂರ್ತಿ ಬಿಚ್ಚದ ಕಾರಣ ಎಡಬದಿಯಲ್ಲಿ ಕನಿಷ್ಠ 25ರಿಂದ 30 ಮಿ.ಮೀ. ಜಾಗ ಬಿಡಬೇಕು. ಇಲ್ಲವಾದರೆ ಅಂಕಿಗಳ ಮೊದಲ ಸಾಲು ಬೆನ್ನಿನೊಳಗೆ ಅಡಗಿಕೊಳ್ಳುತ್ತದೆ. ಎರಡೂ ಬದಿ ಮುದ್ರಿಸುವಾಗ ಹಿಂಬದಿಯ ಪುಟದಲ್ಲಿ ಈ ಜಾಗ ಬಲಕ್ಕೆ ಬರಬೇಕೆಂಬುದನ್ನು ಮರೆಯಬಾರದು.

ಬಿಸಿಲು, ಹುಳು ಮತ್ತು ನೀರು

ಕಾವಿಗೆ ಕರಗುವ ಅಂಟು ನಮ್ಮ ಬೇಸಿಗೆಯನ್ನು ತಡೆದೀತೇ ಎಂಬುದು ಸಹಜ ಪ್ರಶ್ನೆ. ನೆರಳಿನಲ್ಲಿಟ್ಟ ಪುಸ್ತಕಕ್ಕೆ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಯಿಂದ ಭಯವಿಲ್ಲ. ಆದರೆ ಬಿಸಿಲಿನಲ್ಲಿ ನಿಂತ ಜೀಪಿನ ಗಾಜಿನ ಹಿಂದೆ, ಪತ್ರಾಸ್ ಮಾಡಿನ ಕೆಳಗಿನ ಅಟ್ಟದಲ್ಲಿ ಕಾವು ಅದಕ್ಕಿಂತ ಬಹಳ ಏರುತ್ತದೆ. ಅಲ್ಲಿ ಅಂಟು ಕರಗಿ ಹರಿಯದಿದ್ದರೂ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸಭೆಗೆ ಒಯ್ಯುವ ವರದಿಗಳನ್ನು ವಾಹನದಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು.

ಹಳೆಯ ಮೈದಾ ಅಂಟು ಹುಳುಗಳನ್ನು ಕರೆಯುತ್ತದೆ, ಆದ್ದರಿಂದಲೇ ಮೈಲುತುತ್ತ ಬೆರೆಸುತ್ತಿದ್ದರು. ಪ್ಲಾಸ್ಟಿಕ್ ಜಾತಿಯ ಅಂಟಿಗೆ ಹುಳು ಮುತ್ತುವುದಿಲ್ಲ. ಕಾಗದಕ್ಕೆ ಗೆದ್ದಲು ಹತ್ತುವುದನ್ನು ಮಾತ್ರ ಯಾವ ಬೈಂಡಿಂಗೂ ತಪ್ಪಿಸದು. ಕಪಾಟು ಗೋಡೆಯಿಂದ ಗೇಣು ದೂರವಿರಲಿ, ಕೆಳಗಿನ ಖಾನೆ ನೆಲಕ್ಕೆ ತಾಗದಿರಲಿ.

ನೆರೆಯ ನೀರು ಕಂಡ ಊರುಗಳಿಗೆ ಇನ್ನೊಂದು ಮಾತು. ಥರ್ಮಲ್ ಅಂಟು ನೀರಿನಲ್ಲಿ ಕರಗದು. ಆದರೆ ನೆನೆದ ಕಾಗದ ಉಬ್ಬಿ ಬೆನ್ನಿನಿಂದ ತಾನೇ ಕಿತ್ತುಕೊಳ್ಳುತ್ತದೆ. ಒದ್ದೆಯಾದ ಪುಸ್ತಕವನ್ನು ಬಲವಂತವಾಗಿ ಬಿಚ್ಚಬಾರದು. ಬಿಸಿಲಿಗೆ ಹಾಕಬಾರದು. ನೆರಳಿನಲ್ಲಿ ನಿಲ್ಲಿಸಿ, ಹಾಳೆಗಳ ನಡುವೆ ಅಚ್ಚಿಲ್ಲದ ಹೀರುಕಾಗದ ಇಟ್ಟು, ಫ್ಯಾನಿನ ಗಾಳಿಗೆ ಆರಿಸಬೇಕು. ಎರಡು ದಿನದೊಳಗೆ ಆರದಿದ್ದರೆ ಬೂಷ್ಟು ಹಿಡಿಯಲು ತೊಡಗುತ್ತದೆ. ಒಣಗಿದ ಮೇಲೆ ಮೊದಲು ಪ್ರತಿ ತೆಗೆದಿಟ್ಟುಕೊಂಡು, ಹೊಸ ಹೊದಿಕೆಯ ಯೋಚನೆ ಆಮೇಲೆ ಮಾಡಬೇಕು.

ಕೊನೆಯ ಮಾತು

ತಿಂಗಳಿಗೆ ಹತ್ತಿಪ್ಪತ್ತು ವರದಿ ಹೊರಡಿಸುವ ಕಚೇರಿಗೆ, ಸಮಯದ ಹತೋಟಿಯಿರುವ, ಹೊದಿಕೆಗಳು ಹತ್ತಿರದ ಪೇಟೆಯಲ್ಲೇ ದೊರೆಯುವ ಮಧ್ಯಮ ಗಾತ್ರದ ಯಂತ್ರ ನಿಶ್ಚಯವಾಗಿಯೂ ಉಪಯುಕ್ತ. ವರ್ಷಕ್ಕೊಮ್ಮೆ ಬೈಂಡಿಂಗ್ ಮಾಡಿಸುವವರಿಗೆ ಒಳ್ಳೆಯ ಅಂಗಡಿಯ ಪರಿಚಯವೇ ಯಂತ್ರಕ್ಕಿಂತ ಮೇಲು, ಆದರೆ ಸಭೆಯ ಹಿಂದಿನ ರಾತ್ರಿಯಲ್ಲ, ನಾಲ್ಕು ದಿನ ಮೊದಲೇ ಹೋಗಬೇಕು. ಮಹಾಸಭೆಗೆ ಹಂಚುವ ನೂರು ಪ್ರತಿಗಳಿಗೆ ಥರ್ಮಲ್ ಕಟ್ಟು ಇರಲಿ. ಸಂಘದ ದಫ್ತರದಲ್ಲಿ ಉಳಿಯಬೇಕಾದ ಒಂದು ಪ್ರತಿಯನ್ನು ಬೈಂಡರ ಕೈಯಿಂದ ದಾರ ಹಾಕಿ ಹೊಲಿಸಿಡಿ. ಮೂಲ ಕಾಗದಗಳನ್ನು ಎರಡಕ್ಕೂ ಕೊಡದೆ ಲಕೋಟೆಯಲ್ಲಿ ಭದ್ರವಾಗಿಡಿ. ಇಪ್ಪತ್ತು ವರ್ಷದ ನಂತರ ಲೆಕ್ಕ ಕೇಳಲು ಬರುವ ಸದಸ್ಯನಿಗೆ ಎಲ್ಲ ಹಾಳೆಗಳೂ ಕ್ರಮವಾಗಿ ಸಿಗುವಂತಾದರೆ, ಯಂತ್ರಕ್ಕೆ ಕೊಟ್ಟ ಹಣವೂ ದಾರಕ್ಕೆ ಕೊಟ್ಟ ಕೂಲಿಯೂ ಸಾರ್ಥಕ.